ಪ್ಲಾಸ್ಟರ್ ಇಲ್ಲದ ಮಣ್ಣಿನ ಇಟ್ಟಿಗೆ ಕಟ್ಟಡ: ಮುಂದೆ ಆಫೀಸು, ಹಿಂದೆ ಸಭಾಂಗಣ, ಮೇಲೆ ಮನೆ. ಎಲ್ಲಿ ಎಡವುತ್ತೇವೆ? (ಆನ್‌ಲೈನ್ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಸೈಟು ತುಮಕೂರು

ತುಮಕೂರಿನಲ್ಲಿ 40×60 ಅಡಿ ಸೈಟು, ರಸ್ತೆ ಪಶ್ಚಿಮಕ್ಕೆ. ನೆಲಮಹಡಿಯಲ್ಲಿ ಮುಂದೆ ಹತ್ತು ಜನ ಕೆಲಸ ಮಾಡುವ ಆಫೀಸು, ಹಿಂದೆ 80 ಜನ ಹಿಡಿಸುವ ಸಭಾಂಗಣ (ಗಮಕ, ಸುಗಮ ಸಂಗೀತ, ಸಣ್ಣ ನಾಟಕ, ಪುಸ್ತಕ ಬಿಡುಗಡೆ ಇಂಥವಕ್ಕೆ). ಹಾಲ್ ಅಳತೆ 10.5×7.5 ಮೀಟರ್. ಆಫೀಸು, ಹಾಲ್ ಎರಡರ ಮೇಲೂ ಹರಡಿಕೊಂಡು ಮೊದಲ ಮಹಡಿಯಲ್ಲಿ ಮನೆ. ಕಾಲಂ ಇಲ್ಲ, ಗೋಡೆಯೇ ಭಾರ ಹೊರುವ ಲೆಕ್ಕ. ಸಂಪು ಮತ್ತು ಪಾಯ ತೆಗೆದ ಕೆಂಪು ಮಣ್ಣಿನಿಂದ ಸಿಮೆಂಟ್ ಬೆರೆಸಿ, ಸೈಟಿನಲ್ಲೇ ಯಂತ್ರದಲ್ಲಿ ಸುಡದ ಇಟ್ಟಿಗೆ ಒತ್ತಿಸಿ, ಒಳಗೂ ಹೊರಗೂ ಪ್ಲಾಸ್ಟರ್ ಇಲ್ಲದೆ ಬಿಡುವುದು, ಮೇಲೆ ಫಿಲ್ಲರ್ ಸ್ಲ್ಯಾಬ್ (ಕಾಂಕ್ರೀಟ್ ಉಳಿಸಲು ಒಳಗೆ ಹೆಂಚು ಹುದುಗಿಸಿದ ಸ್ಲ್ಯಾಬ್). ನಕ್ಷೆ ಕೈಯಲ್ಲಿದೆ, ಕೆಲಸ ಶುರುವಾಗಿಲ್ಲ. ಮಿಶ್ರಣ ಏನು, ಎಷ್ಟು ಇಟ್ಟಿಗೆ, ಎಲ್ಲಿ ಕೆಡುತ್ತದೆ, ತಿಳಿದವರು ಹೇಳಿ.

ತೂಗುಗುಂಡು

ಮೊದಲು ಮಣ್ಣು. ಮಿಕ್ಕಿದ್ದೆಲ್ಲ ಆಮೇಲೆ.

ಮೇಲಿನ ಒಂದು ಅಡಿ ಕೆರೆದು ಬೇರೆ ರಾಶಿ ಹಾಕಿಸಿ. ಬೇರು, ಗೊಬ್ಬರ ಸೇರಿದ ಆ ಮಣ್ಣು ಗಿಡಕ್ಕೆ ಲಾಯಕ್ಕು, ಇಟ್ಟಿಗೆಗಲ್ಲ. ಅದರ ಕೆಳಗಿನದ್ದನ್ನು ಗಾಜಿನ ಜಾಡಿಯಲ್ಲಿ ಮೂರನೇ ಒಂದು ಭಾಗ ತುಂಬಿ, ಚಿಟಿಕೆ ಉಪ್ಪು, ಬಾಯಿವರೆಗೂ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮೊದಲ ಒಂದು ನಿಮಿಷದಲ್ಲಿ ಕೂರುವುದು ಮರಳು, ಅದರ ಮೇಲೆ ನಿಧಾನಕ್ಕೆ ಕೂರುವುದು ನುಣ್ಣನೆ ಗೋಡು, ಮರುದಿನದವರೆಗೂ ನೀರನ್ನು ಕದಡಿಟ್ಟು ಕೊನೆಗೆ ಇಳಿಯುವುದು ಜೇಡಿ. ಪಟ್ಟಿ ಹಿಡಿದು ಪದರ ಅಳೆಯಿರಿ. ಇಟ್ಟಿಗೆಗೆ ಹೋಗುವ ಮಿಶ್ರಣದಲ್ಲಿ ಜೇಡಿ ಶೇ 10ರಿಂದ 15, ಮರಳು ಶೇ 65ಕ್ಕಿಂತ ಹೆಚ್ಚು ಇರಬೇಕು. ನಿಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಜೇಡಿ ಶೇ 25–30 ಬರುವುದು ಮಾಮೂಲು. ಹಾಗಾಗಿ ಒಂದಕ್ಕೆ ಒಂದು ಕ್ವಾರಿ ಪುಡಿ ಬೆರೆಸಬೇಕಾಗಬಹುದು. ಜೇಡಿ ಹೆಚ್ಚಾದಾಗ ಸಿಮೆಂಟ್ ಏರಿಸಿ ಸರಿಮಾಡುತ್ತೇವೆ ಅನ್ನುವವರಿದ್ದಾರೆ, ಆಗುವುದಿಲ್ಲ. ಜೇಡಿ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ ಇಟ್ಟಿಗೆಯನ್ನು ಒಳಗಿಂದಲೇ ಸೀಳುತ್ತದೆ.

ಈಗ ಲೆಕ್ಕ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ ‘ಅಸ್ತ್ರ’ (ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ) ಕೇಂದ್ರದ ಕೆಲಸದಿಂದ ಬಂದ ಮರ್ದಿನಿ ಕೈಯಂತ್ರದಲ್ಲಿ 230×190×100 ಮಿ.ಮೀ. ಇಟ್ಟಿಗೆ ಬರುತ್ತದೆ. ಒಂದರ ಒಣ ತೂಕ ಸುಮಾರು 8 ಕೆ.ಜಿ. ಶೇ 7 ಸಿಮೆಂಟ್ ಅಂದರೆ ಇಟ್ಟಿಗೆಗೆ 560 ಗ್ರಾಂ, ಒಂದು ಮೂಟೆಗೆ 88–90 ಇಟ್ಟಿಗೆ. 190 ದಪ್ಪದ ಗೋಡೆಗೆ ಚದರ ಮೀಟರಿಗೆ 38 ಬೇಕು. ನಿಮ್ಮ ವಿವರದ ಪ್ರಕಾರ ಗೋಡೆ ಅಂದಾಜು 330 ಚದರ ಮೀಟರ್, ಒಡೆದಿದ್ದು ಸೇರಿಸಿ 13,000 ಇಟ್ಟಿಗೆ, 150 ಮೂಟೆ ಸಿಮೆಂಟ್. ಒಟ್ಟು ಮಿಶ್ರಣ 104 ಟನ್, ಅರ್ಧ ಮಣ್ಣು ಅಂದರೆ ಅಗೆಯುವ ಮೊದಲಿನ ನೆಲದಲ್ಲಿ 33 ಘನ ಮೀಟರ್. ಹತ್ತು ಸಾವಿರ ಲೀಟರ್ ಸಂಪು ಕೊಡುವುದು ಹತ್ತೇ ಘನ ಮೀಟರ್, ಮಿಕ್ಕಿದ್ದು ಪಾಯದಿಂದ ಬರಬೇಕು. ಬರುತ್ತದೆ, ಆದರೆ ಪಾಯ ತೆಗೆದ ದಿನವೇ ಆ ಮಣ್ಣನ್ನು ಟ್ರಾಕ್ಟರ್ ಹತ್ತಿಸಿ ಕಳಿಸದಂತೆ ಜೆಸಿಬಿಯವನಿಗೆ ಹೇಳಿಡಿ.

ಒತ್ತುವಾಗ ಎಲ್ಲರೂ ತಪ್ಪುವುದು ತೂಕದಲ್ಲಿ. ಯಂತ್ರ ಪ್ರತಿ ಸಲವೂ 100 ಮಿ.ಮೀ.ಗೇ ಒತ್ತುತ್ತದೆ. ಒಳಗೆ ಎಷ್ಟು ಮಣ್ಣು ಬಿತ್ತೋ ಅದೇ ಇಟ್ಟಿಗೆಯ ಗಟ್ಟಿತನ. ಬಾಂಡ್ಲಿಯಿಂದ ಅಂದಾಜಿಗೆ ಸುರಿದರೆ ಒಂದು ಕಲ್ಲಿನಂತೆ, ಇನ್ನೊಂದು ಬೆಲ್ಲದಂತೆ. ಪಕ್ಕದಲ್ಲಿ ತಕ್ಕಡಿ ಇಟ್ಟು ಪ್ರತಿ ಇಟ್ಟಿಗೆಗೂ 8.8–9 ಕೆ.ಜಿ. ಒದ್ದೆ ಮಿಶ್ರಣ ತೂಗಿ ಹಾಕಿಸಿ. ನೀರು ಸರಿಯಿದೆಯೇ ನೋಡಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡಿ. ಪುಡಿಪುಡಿಯಾದರೆ ನೀರು ಕಡಿಮೆ, ಉಂಡೆ ಹಾಗೇ ಚಪ್ಪಟೆಯಾದರೆ ಹೆಚ್ಚು, ನಾಲ್ಕೈದು ತುಂಡಾದರೆ ಸರಿ. ನೀರು ಹಾಕಿದ ಮುಕ್ಕಾಲು ಗಂಟೆಯೊಳಗೆ ಆ ರಾಶಿ ಮುಗಿಯಬೇಕು. ಊಟದ ಹೊತ್ತಿಗೆ ಕಲಸಿಟ್ಟು ಹೋದ ರಾಶಿ ಸತ್ತಂತೆ. 21 ದಿನ ಗೋಣಿಚೀಲ ಹೊದಿಸಿ ನೀರು ಚಿಮುಕಿಸಿ. ಮೊದಲ ಮೂರು ದಿನ ಬಿಸಿಲು ತಾಗಿದರೆ ಅಂಚು ಉದುರುವುದು ಖಾತ್ರಿ.

ಸಾಲಿಡ್ ಬ್ಲಾಕ್

ಇಷ್ಟೆಲ್ಲ ಯಾಕೆ ಸ್ವಾಮಿ? ಕೈಯಂತ್ರದಲ್ಲಿ ಆರೇಳು ಜನ ದುಡಿದರೂ ದಿನಕ್ಕೆ 400–500 ಇಟ್ಟಿಗೆ. 13,000ಕ್ಕೆ ಒಂದು ತಿಂಗಳು, ಅದರ ಮೇಲೆ ಕ್ಯೂರಿಂಗ್. ಆರಿಂಚಿನ ಕಾಂಕ್ರೀಟ್ ಬ್ಲಾಕ್ ಇವತ್ತು ಫೋನ್ ಮಾಡಿದರೆ ನಾಳೆ ಸೈಟಿನಲ್ಲಿ. ಮಣ್ಣಿನ ಇಟ್ಟಿಗೆ ಅಗ್ಗ ಅನ್ನುವುದು ಕೂಲಿ ಲೆಕ್ಕ ಬಿಟ್ಟು ಹೇಳುವ ಮಾತು.

ತೂಗುಗುಂಡು

ಅರ್ಧ ಒಪ್ಪುತ್ತೇನೆ. ಮಣ್ಣು ಅಗೆದದ್ದು ಸಾಲದೆ ಹೊರಗಿನಿಂದ ತರಿಸುವುದಾದರೆ, ಒಂದು ತಂಡ ಒಂದೂವರೆ ತಿಂಗಳು ನಿಲ್ಲುವುದಿಲ್ಲ ಅನ್ನುವುದಾದರೆ, 13,000 ಇಟ್ಟಿಗೆ ಪೇರಿಸಿಡಲು ಪಕ್ಕದ ಸೈಟು ಖಾಲಿ ಇಲ್ಲದಿದ್ದರೆ, ಸೈಟಿನಲ್ಲಿ ಒತ್ತಿಸಬೇಡಿ. ಉಳಿತಾಯ ಇರುವುದು ಪ್ಲಾಸ್ಟರ್, ಪುಟ್ಟಿ, ಬಣ್ಣ ಬಿಡುವುದರಲ್ಲಿ. ಕೊನೆಗೆ ಪ್ಲಾಸ್ಟರ್ ಹೊಡೆಸಿದವರಿಗೆ ಎರಡೂ ಖರ್ಚು.

ನಕ್ಷೆ ಓದುವವ

ಹಾಗಾದರೆ ಕೊನೆಗೆ ಪ್ಲಾಸ್ಟರ್ ಹೊಡೆಸುವಂತೆ ಆಗುವುದು ಯಾಕೆ ಅಂತ ನೋಡಬೇಕು. ಇಟ್ಟಿಗೆ ಕೆಟ್ಟು ಹಾಗಾಗುವುದು ಅಪರೂಪ. ಗೋಡೆ ಎದ್ದ ಮೇಲೆ ಎಲೆಕ್ಟ್ರಿಷಿಯನ್ ಕಟರ್ ಹಿಡಿದು ಬರುವುದು, ಕಿಟಕಿಯ ಮೇಲೆ ಅರ್ಧ ಇಟ್ಟಿಗೆ ಸಿಗದೆ ಗಾರೆ ತುಂಬುವುದು, ಇವೆರಡೇ ಮುಖ್ಯ.

ವರಸೆಯ (ಇಟ್ಟಿಗೆಯ ಒಂದು ಸಾಲಿನ) ಎತ್ತರ ಇಟ್ಟಿಗೆ 100 + ಗಾರೆ 10 = 110 ಮಿ.ಮೀ. ನಿಮ್ಮ ನಕ್ಷೆಯಲ್ಲಿ ಲಿಂಟೆಲ್ (ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ) 7 ಅಡಿ ಅಂತ ಬರೆದಿದ್ದರೆ ಅದನ್ನು ಅಳಿಸಿ 19 ವರಸೆ ಅಂತ ಬರೆಯಿರಿ, 2090 ಆಗುತ್ತದೆ. ಕಿಟಕಿ ಸಿಲ್ (ಕೆಳ ಅಂಚು) 8 ವರಸೆ, 880. ಸ್ಲ್ಯಾಬಿನ ಕೆಳಗಿನ ಮಟ್ಟ 27 ವರಸೆ, 2970. ಅಡ್ಡಡ್ಡ ಲೆಕ್ಕಕ್ಕೆ 240 (230 + ಗಾರೆ 10) ಒಂದು ಮನೆ (ಅಂದರೆ ಒಂದು ಇಟ್ಟಿಗೆಯ ಅಳತೆ), 120 ಅರ್ಧ ಮನೆ. ಎರಡು ಬಾಗಿಲ ನಡುವಿನ ಗೋಡೆ 1100 ಇದ್ದರೆ ಅದನ್ನು 1070 ಮಾಡಿ (ನಾಲ್ಕೂವರೆ ಮನೆ 1080, ಕಡೆಯ ಸಂದು 10 ಕಳೆದು). ಮರದ ಚೌಕಟ್ಟಿನ ಆರ್ಡರ್ ಕೊಡುವುದು ಈ ಲೆಕ್ಕ ಆದ ಮೇಲೆ. ಮೊದಲು ಚೌಕಟ್ಟು ಮಾಡಿಸಿ ಆಮೇಲೆ ಗೋಡೆ ಹೊಂದಿಸಲು ಹೊರಟರೆ ಮೇಸ್ತ್ರಿ ಇಟ್ಟಿಗೆ ಒಡೆಯುತ್ತಾನೆ. ಒಡೆದ ಮುಖ ಹೊರಗೆ ಕಾಣುತ್ತದೆ.

ವೈರಿಂಗ್: 190 ಗೋಡೆಯಲ್ಲಿ ಅಡ್ಡ ಕೊರೆಯುವುದು ಬೇಡವೇ ಬೇಡ. ಪೈಪು ನೆಲದಲ್ಲಿ ಅಥವಾ ಸ್ಲ್ಯಾಬಿನಲ್ಲಿ ಓಡಲಿ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ನೆಟ್ಟಗೆ ಇಳಿಯಲಿ. ಇಳಿಯುವ ಜಾಗದ ಇಟ್ಟಿಗೆಗೆ ಕಟ್ಟುವ ಮೊದಲೇ ತುದಿ ಕೆತ್ತಿಸಿ. ಸ್ವಿಚ್ ಬೋರ್ಡಿನ ಡಬ್ಬಿ ಗೋಡೆಯ ಜೊತೆಗೇ ಕೂರಬೇಕು, ಅದರ ಕೆಳ ಅಂಚು 11 ವರಸೆಗೆ (1210) ಸರಿಯಾಗಿ. ಅಂದರೆ ಪ್ಲಿಂತ್ ಮುಗಿಯುವ ಹೊತ್ತಿಗೆ ಯಾವ ಮೂಲೆಯಲ್ಲಿ ಫ್ರಿಜ್, ಎಲ್ಲಿ ರೂಟರ್, ಹಾಲಿನ ಸ್ಪೀಕರ್ ವೈರ್ ಎಲ್ಲಿಂದ ಎಲ್ಲಿಗೆ, ಎಲ್ಲ ಗೊತ್ತಿರಬೇಕು.

ಗಾರೆಗೆ ಸಿಮೆಂಟ್ 1, ಜರಡಿ ಹಿಡಿದ ಮಣ್ಣು 1, ಮರಳು 6. ಗಟ್ಟಿ ಇರಲಿ ಅಂತ ಒಂದಕ್ಕೆ ನಾಲ್ಕು ಸಿಮೆಂಟ್ ಗಾರೆ ಹಾಕಿದರೆ ಗಾರೆ ಇಟ್ಟಿಗೆಗಿಂತ ಗಟ್ಟಿಯಾಗಿ, ಬಿರುಕು ಸಂದಿನಲ್ಲಿ ಬರುವ ಬದಲು ಇಟ್ಟಿಗೆಯ ನಡುವೆ ಸೀಳುತ್ತದೆ. ಸಂದಿನ ಬಿರುಕು ತುಂಬಬಹುದು, ಇಟ್ಟಿಗೆಯದ್ದು ಮುಚ್ಚಲಾಗುವುದಿಲ್ಲ.

ಸರಳು ಲೆಕ್ಕ

ಎಲ್ಲರೂ ಇಟ್ಟಿಗೆ ಹಿಡಿದು ಕೂತಿದ್ದೀರಿ. ನಕ್ಷೆಯಲ್ಲೇ ದೊಡ್ಡ ತೊಂದರೆ ಇದೆ: ಹಾಲಿನ ಮೇಲೆ ಮನೆ.

ಮೇಲಿನ ಮನೆಯ ಗೋಡೆಗೆ ಕೆಳಗೆ ಗೋಡೆ ಇಲ್ಲ, ಹಾಲ್ ಖಾಲಿ. ಹಾಗಾಗಿ 7.5 ಮೀಟರ್ ಬೀಮ್ ಬೇಕು, ಆಳ 600 ಮಿ.ಮೀ. ಆಸುಪಾಸು. ಎರಡೂವರೆ ಮೀಟರಿಗೊಂದು ಬೀಮ್ ಅಂತ ಇಟ್ಟರೆ ಸ್ಲ್ಯಾಬು, ಗೋಡೆ, ತಾರಸಿ, ಜನ ಎಲ್ಲ ಸೇರಿ ಒಂದೊಂದು ತುದಿಗೆ ಸುಮಾರು 14 ಟನ್ ಬರುತ್ತದೆ. ಆ ತುದಿ ಕೂರುವುದು 190×230 ಇಟ್ಟಿಗೆಯ ಮೇಲೆ. ಒತ್ತಡ ಚದರ ಮಿ.ಮೀ.ಗೆ 3 ನ್ಯೂಟನ್ ದಾಟಿತು. 3.5 ನ್ಯೂಟನ್ ಬಲದ ಇಟ್ಟಿಗೆಯಿಂದ ಕಟ್ಟಿದ ಗೋಡೆಗೆ ಲೆಕ್ಕದಲ್ಲಿ ಬಿಡುವುದು 0.35 ಮಾತ್ರ, ಬೀಮಿನ ತುದಿಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೂ ಅರ್ಧ ನ್ಯೂಟನ್. ಕೆಳಗೆ 600 ಉದ್ದದ ಕಾಂಕ್ರೀಟ್ ದಿಂಡು ಇಟ್ಟರೂ 1.2 ಬರುತ್ತದೆ. ಮುಗಿಯಿತು, ಕಾಲಂ ಬೇಕು. ಕಾಲಂ ಹಾಕಿದ ಮೇಲೆ ಭಾರ ಹೊರುವ ಗೋಡೆ ಅನ್ನುವ ಮಾತೇ ಸುಳ್ಳು.

ದಾರಿ ಸರಳ. ಮನೆಯನ್ನು ಆಫೀಸಿನ ಮೇಲಷ್ಟೇ ಕೂರಿಸಿ, ಹಾಲನ್ನು ಒಂದೇ ಮಹಡಿಗೆ ನಿಲ್ಲಿಸಿ ಹೆಂಚಿನ ಮಾಡು ಹಾಕಿ. ಗೋಡೆ 28 ವರಸೆ, 3.08 ಮೀಟರ್. 7.5ಕ್ಕೆ ಕಬ್ಬಿಣದ ಚೌಕ ಪೈಪಿನ ಟ್ರಸ್ (ಮಾಡು ಹೊರುವ ತ್ರಿಕೋನ ಚೌಕಟ್ಟು), ಇಳಿಜಾರು 25 ಡಿಗ್ರಿಗೆ ಕಡಿಮೆ ಬೇಡ, ನೆತ್ತಿ 1.75 ಮೀಟರ್ ಮೇಲೆ ಹೋಗುತ್ತದೆ. 10.5 ಮೀಟರ್ ಉದ್ದದ ಗೋಡೆ 190 ದಪ್ಪಕ್ಕೆ ಒಂಟಿಯಾಗಿ ನಿಲ್ಲಬಾರದು. ಪ್ರತಿ ಎರಡೂವರೆ–ಮೂರು ಮೀಟರಿಗೆ 390 ದಪ್ಪದ ಆನಿಕೆ ಕಂಬ ಇಟ್ಟಿಗೆಯಲ್ಲೇ ಕಟ್ಟಿ, ಟ್ರಸ್ಸಿನ ಕಾಲು ಅದರ ಮೇಲೆ ಬರಲಿ. ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ, ಟ್ರಸ್ಸಿನ ಬೋಲ್ಟು ಅದರಲ್ಲಿ ಹೂತಿರಬೇಕು. ಇಲ್ಲದಿದ್ದರೆ ಮೇ ತಿಂಗಳ ಗಾಳಿಗೆ ಮಾಡೇ ಎದ್ದು ಹೋಗುತ್ತದೆ.

ಮುಂದಿನ ಎರಡಂತಸ್ತಿನ ಭಾಗದಲ್ಲೂ ಒಂದು ಮಾತು. ಎರಡೂ ಕಡೆ 4 ಮೀಟರ್ ಸ್ಲ್ಯಾಬ್ ಹೊರುವ ನಡು ಗೋಡೆಗೆ ಕೆಳಗಿನ ಅಂತಸ್ತಿನಲ್ಲಿ ಮೀಟರಿಗೆ 7 ಟನ್ ಬರುತ್ತದೆ. 190ಕ್ಕೆ ಅದು 0.37 ನ್ಯೂಟನ್, ಹೆಚ್ಚಾಯಿತು. ಆ ಗೋಡೆಯಲ್ಲಿ ಇಟ್ಟಿಗೆಯನ್ನು ತಿರುಗಿಸಿ 230 ದಪ್ಪ ಮಾಡಿ, ಜೊತೆಗೆ ಅದಕ್ಕೆ ಮಾತ್ರ ಶೇ 8 ಸಿಮೆಂಟಿನ ಇಟ್ಟಿಗೆ ಬೇರೆ ಪೇರಿಸಿ ಸುಣ್ಣದಲ್ಲಿ ಗುರುತು ಹಾಕಿಡಿ. ಪರೀಕ್ಷೆಗೆ ಕಳಿಸುವಾಗ ನೀರಲ್ಲಿ ನೆನೆಸಿದ ಬಲವನ್ನೇ ಕೇಳಿ. ಒಣ ಇಟ್ಟಿಗೆಯ ಅಂಕಿ ಯಾವಾಗಲೂ ಚೆನ್ನಾಗಿ ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಸೈಟು ತುಮಕೂರು

ಸರ್, ಹಾಲ್ ಬೇರೆ ಮಾಡುವುದು ಒಪ್ಪಿಗೆ. ಮನೆ ಎರಡು ಕೋಣೆಗೆ ಇಳಿಯುತ್ತದೆ, ಪರವಾಗಿಲ್ಲ. ಫಿಲ್ಲರ್ ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಶೇ 25 ಉಳಿಯುತ್ತದೆ ಅಂತ ಎಲ್ಲ ಕಡೆ ಓದಿದ್ದೇವೆ. ನಿಜವೇ?

ಸರಳು ಲೆಕ್ಕ

ಕಾಗದದ ಮೇಲೆ ನಿಜ. ಮಂಗಳೂರು ಹೆಂಚು ಸುಮಾರು 410×235. ಎರಡನ್ನು ಬೋರಲು–ಅಂಗಾತ ಜೋಡಿಸಿದರೆ ದಪ್ಪ 65. ಸುತ್ತ 100 ಮಿ.ಮೀ. ಪಟ್ಟಿ ಬಿಟ್ಟು 140 ದಪ್ಪದ ಸ್ಲ್ಯಾಬಿನಲ್ಲಿ ಇಟ್ಟರೆ ಶೇ 26 ಬರುತ್ತದೆ. ಆದರೆ ಗೋಡೆಯ ಪಕ್ಕದ 300 ಮಿ.ಮೀ. ಗಟ್ಟಿ ಕಾಂಕ್ರೀಟ್ ಇರಲೇಬೇಕು, ಕತ್ತರಿಸುವ ಬಲ ಅಲ್ಲೇ ಹೆಚ್ಚು. 3.6×4.2 ಕೋಣೆಯಲ್ಲಿ ಆ ಅಂಚು ತೆಗೆದರೆ ಉಳಿಯುವುದು ಶೇ 18–19. ಬಾಲ್ಕನಿ ಥರ ಹೊರಚಾಚಿದ ಕಡೆ ಹೆಂಚು ಹಾಕಬಾರದು, ಅಲ್ಲಿ ಎಳೆತ ಮೇಲ್ಭಾಗದಲ್ಲಿ, ಒತ್ತಡ ಹೆಂಚಿರುವ ಕೆಳಭಾಗದಲ್ಲಿ. ಬಚ್ಚಲು, ಮೇಲೆ ಅಡ್ಡಗೋಡೆ ಬರುವ ಜಾಗ, ಇವುಗಳಲ್ಲೂ ಬೇಡ.

ಕಾಂಕ್ರೀಟ್ ದಿನ ಆಗುವ ತಪ್ಪುಗಳು: ಹೆಂಚು ಹಿಂದಿನ ರಾತ್ರಿ ನೆನೆಸಿರುವುದಿಲ್ಲ, ಒಣ ಹೆಂಚು ಕಾಂಕ್ರೀಟಿನ ನೀರು ಹೀರಿ ಸುತ್ತಲೂ ಪೊಳ್ಳು ಬಿಡುತ್ತದೆ. ಜೋಡಿ ಹೆಂಚಿನ ಸಂದಿಗೆ ಗಾರೆ ಮೆತ್ತಿರುವುದಿಲ್ಲ, ಸಿಮೆಂಟಿನ ಹಾಲು ಒಳಗೆ ಇಳಿದು ಗಾಳಿಯ ಜಾಗ ತುಂಬುತ್ತದೆ. ವೈಬ್ರೇಟರ್ ಸೂಜಿ ತಗುಲಿ ಹೆಂಚು ಸರಿಯುತ್ತದೆ, 100ರ ಪಟ್ಟಿ 60 ಆಗಿ ಸರಳಿಗೆ ಕವರ್ (ಅದನ್ನು ಮುಚ್ಚುವ ಕಾಂಕ್ರೀಟ್) ಇಲ್ಲದಂತಾಗುತ್ತದೆ, ಐದಾರು ವರ್ಷಕ್ಕೆ ತುಕ್ಕಿನ ಗೆರೆ. ಫ್ಯಾನಿನ ಕೊಕ್ಕೆ ಪಟ್ಟಿಯಲ್ಲಿ ಬರುವ ಬದಲು ಹೆಂಚಿನ ನಡುವೆ ಬಂದರೆ ಡ್ರಿಲ್ ಹಾಕಿ ಹೆಂಚು ಒಡೆಯಬೇಕಾಗುತ್ತದೆ. ಅದಕ್ಕೇ ಹೆಂಚಿನ ಜೋಡಣೆಯ ನಕ್ಷೆ ಮೊದಲು ಫ್ಯಾನ್ ಇರುವ ಬಿಂದುವಿನಿಂದ ಶುರುವಾಗಬೇಕು, ಗೋಡೆಯಿಂದಲ್ಲ.

ಮತ್ತೆ, ಫಿಲ್ಲರ್ ಸ್ಲ್ಯಾಬ್ ಹಾಕಿದೆವು, ಇನ್ನು ಮೇಲಿನ ಮನೆ ತಂಪು ಅಂದುಕೊಳ್ಳಬೇಡಿ. ಪಟ್ಟಿಗಳಲ್ಲಿ ಶಾಖ ಸಲೀಸಾಗಿ ಇಳಿಯುತ್ತದೆ. ತಾರಸಿಗೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ ಚೂರುಗಳ ಹಾಸು) ಬೇಕು, ನೂರಕ್ಕೊಂದು ಇಳಿಜಾರು, ಪ್ಯಾರಾಪೆಟ್ ಬುಡದಲ್ಲಿ ಗುಂಡಗೆ ತಿರುವಿದ ಗಾರೆ.

ಎರಿಮಣ್ಣು ಧಾರವಾಡ

ನಡುವ ಬಾಯಿ ಹಾಕತೀನಿ, ಕ್ಷಮಾ ಇರಲಿ. ಈ ಥ್ರೆಡ್ ಓದಿ ಹುಬ್ಬಳ್ಳಿ, ಗದಗ ಕಡೆ ಮಂದಿ ಇದನ್ನ ಹಂಗಽ ಮಾಡಾಕ ಹೋಗಬ್ಯಾಡ್ರಿ. ನಮ್ಮ ಎರಿಮಣ್ಣು ಇಟ್ಟಂಗಿಗೆ ಬರೂದಿಲ್ಲ. ಮಳೀಗೆ ಉಬ್ಬತದ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಸೀಳತದ. ಸಿಮೆಂಟ್ ಹಾಕಿದ್ರೂ ಅಷ್ಟಽ. ಗರಸು ಬ್ಯಾರೆ ಕಡಿಂದ ತರಸಬೇಕು.

ಪಾಯಾನೂ ಬ್ಯಾರೆ. ಎರಿ ಆಳ ಇದ್ದಲ್ಲಿ ಕಲ್ಲಿನ ಪಾಯಾ ಹಾಕಿ ಮ್ಯಾಲೆ ಗಿಲಾವ್ ಇಲ್ಲದ ಗ್ವಾಡಿ ಕಟ್ಟಿದ್ರ ಮೊದಲನೇ ಬ್ಯಾಸಿಗಿಗೆ ಕಿಡಕಿ ಮೂಲಿಂದ ಓರೆ ಬಿರಕು ಬರತದ. ಬುಡದಾಗ ಉಬ್ಬು ಇರೋ ಅಂಡರ್ ರೀಮ್ಡ್ ಪೈಲ್ ಮೂರೂವರಿ ಮೀಟರಿಗೆ ಕಡಿಮಿ ಇಲ್ಲದಂಗ ಇಳಸಬೇಕು, ಉಬ್ಬಿನ ಅಗಲ ಕಂಬದ ಎರಡೂವರಿ ಪಟ್ಟು. ಪೈಲ್ ಮ್ಯಾಲಿನ ಬೀಮಿನ ಕೆಳಗ 80 ಮಿ.ಮೀ. ಖಾಲಿ ಬಿಡಬೇಕು. ಆ ಖಾಲಿ ಜಾಗಾದಾಗ ಗೌಂಡಿ ಮಣ್ಣ ತುಂಬಿ ಚಂದ ಮಾಡಿಬಿಟ್ಟಾನು, ನೋಡ್ಕೋರಿ. ಮಣ್ಣ ಉಬ್ಬಿದಾಗ ಬೀಮನ್ನ ಎತ್ತೂದು ಅದಽ.

ಮುರಕಲ್ಲು

ಕರಾವಳಿಯವರಿಗೂ ಅದೇ ಮಾತು. ಇಲ್ಲಿ ವರ್ಷಕ್ಕೆ ಮೂರೂವರೆ–ನಾಲ್ಕು ಮೀಟರ್ ಮಳೆ, ಅದೂ ಗಾಳಿಯೊಟ್ಟಿಗೆ ಅಡ್ಡ ಬರುವುದು. ಕೆಂಪುಕಲ್ಲು ಕೈಗೆ ಸಿಗುವಾಗ ಮಣ್ಣಿನ ಇಟ್ಟಿಗೆ ಯಾಕೆ ಅಂತ ನನ್ನ ಅಭಿಪ್ರಾಯ. ತುಮಕೂರಿನಲ್ಲಿ ಮಳೆ ಕಡಿಮೆ, ಆದರೂ ಈ ಮೂರು ಬಿಡಬೇಡಿ. ನೆಲದಿಂದ 450 ಎತ್ತರ ಸೈಜುಕಲ್ಲಿನ ಪ್ಲಿಂತ್, ಅದರ ಮೇಲೆ ಒಂದೆರಡು ವರಸೆ ಸುಟ್ಟ ಇಟ್ಟಿಗೆ. ಹೊರಗೋಡೆಯ ಮೇಲೆ ಕನಿಷ್ಠ 600 ಸಜ್ಜ, ಅದರ ಕೆಳ ಅಂಚಿನಲ್ಲಿ ಬೆರಳಗಲ ಗಾಡಿ (ನೀರು ಅಲ್ಲೇ ತೊಟ್ಟಿಕ್ಕುವಂತೆ ಕೊರೆದ ಗೆರೆ). ಗಾಡಿ ಇಲ್ಲದಿದ್ದರೆ ನೀರು ಸಜ್ಜದ ಹೊಟ್ಟೆಗೆ ಅಂಟಿಕೊಂಡು ಹಿಂದೆ ಬಂದು ಗೋಡೆಗೇ ಇಳಿಯುತ್ತದೆ. ತಾರಸಿಯ ನೀರಿನ ಪೈಪು ಗೋಡೆಯಿಂದ ಗೇಣುದ್ದ ಹೊರಗೆ ಚಾಚಿರಲಿ. ಮಣ್ಣಿನ ಗೋಡೆ ಹಾಳಾಗುವುದು ಬೀಳುವ ಮಳೆಗಿಂತ ನೆಲಕ್ಕೆ ಬಿದ್ದು ಚಿಮ್ಮುವ ನೀರಿಗೆ ಹೆಚ್ಚು. ಬುಡದಲ್ಲಿ ಸಿಮೆಂಟ್ ಹಾಸು ಹಾಕುವ ಬದಲು ಎರಡಡಿ ಅಗಲ ಜಲ್ಲಿ ಹಾಸಿ.

ಪಡುವಣ ಬಿಸಿಲು

ಆಫೀಸಿನ ವಿಷಯ ಯಾರೂ ಎತ್ತಲಿಲ್ಲ. ರಸ್ತೆ ಪಶ್ಚಿಮಕ್ಕೆ ಅಂದಿರಿ, ಅಂದರೆ ಮುಂಭಾಗಕ್ಕೆ ಗಾಜು ಬರುತ್ತದೆ. ಎಲ್ಲರದ್ದೂ ಬರುತ್ತದೆ.

ನಾವು 13 ಡಿಗ್ರಿ ಅಕ್ಷಾಂಶದ ಹತ್ತಿರ ಇದ್ದೇವೆ. ಮಾರ್ಚ್ 21ರ ಆಸುಪಾಸು ಮಧ್ಯಾಹ್ನ ದಕ್ಷಿಣದ ಕಿಟಕಿಗೆ ಸೂರ್ಯ 77 ಡಿಗ್ರಿ ಮೇಲೆ. 1.2 ಮೀಟರ್ ಎತ್ತರದ ಕಿಟಕಿಗೆ 300 ಮಿ.ಮೀ. ಸಜ್ಜ ಸಾಕು. ಅದೇ ದಿನ ಸಂಜೆ ನಾಲ್ಕೂವರೆಗೆ ಪಶ್ಚಿಮದಲ್ಲಿ ಸೂರ್ಯ 29 ಡಿಗ್ರಿಗೆ ಇಳಿದಿರುತ್ತಾನೆ. ಒಂದೂವರೆ ಮೀಟರ್ ಗಾಜಿಗೆ ನೆರಳು ಬೇಕಾದರೆ ಸಜ್ಜ 2.7 ಮೀಟರ್ ಚಾಚಬೇಕು. ಆಗದ ಮಾತು. ಹಾಗಾಗಿ ಪಶ್ಚಿಮಕ್ಕೆ ಅಡ್ಡ ಸಜ್ಜ ನಂಬಬೇಡಿ. ಮೆಟ್ಟಿಲು, ಟಾಯ್ಲೆಟ್, ಕಡತದ ಕೋಣೆ ಆ ಕಡೆ ಹಾಕಿ, ಗಾಜನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿ. ರಸ್ತೆಗೆ ಮುಖ ಬೇಕೇ ಬೇಕು ಅಂದರೆ ಗಾಜಿನಿಂದ 900 ಮಿ.ಮೀ. ಮುಂದೆ ಜಾಲಿ ಗೋಡೆ ಕಟ್ಟಿ. ಉತ್ತರದ ಕಿಟಕಿಗೂ ಸಣ್ಣ ಸಜ್ಜ ಬೇಕು, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ತುಂಬ ಜನ ಇದನ್ನು ಮರೆಯುತ್ತಾರೆ.

ನೋಡಿ ಬರಬೇಕಾದದ್ದು ಬನ್ನೇರುಘಟ್ಟ ರಸ್ತೆಯ ಐಐಎಂ. ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ಕಟ್ಟಡ, 1970ರ ದಶಕದ ಕೊನೆಯಲ್ಲಿ ಕೆಲಸ ಶುರುವಾದದ್ದು. ಒರಟು ಕಲ್ಲು, ಬರೀ ಕಾಂಕ್ರೀಟ್, ಅರ್ಧ ಮುಚ್ಚಿ ಅರ್ಧ ಬಯಲಾದ ಉದ್ದುದ್ದ ಓಣಿಗಳು. ಬಿಸಿಲು ಕೋಣೆಯ ಗೋಡೆ ಮುಟ್ಟುವ ಮೊದಲೇ ಓಣಿಯಲ್ಲಿ ಸೋಸಿಹೋಗುತ್ತದೆ. ನಿಮ್ಮ ಆಫೀಸಿಗೂ ಹಾಲಿಗೂ ನಡುವೆ ಅಂಥ ಎರಡು ಮೀಟರ್ ಓಣಿ ಬಿಟ್ಟರೆ ಸದ್ದೂ ದಾಟುವುದಿಲ್ಲ, ಗಾಳಿಯೂ ಆಡುತ್ತದೆ.

ಸಾಲಿಡ್ ಬ್ಲಾಕ್

ಸ್ಲ್ಯಾಬಿನೊಳಗೆ ತಣ್ಣೀರಿನ ಪೈಪ್ ಓಡಿಸುವ ಪದ್ಧತಿ ಆಫೀಸಿಗೆ ಹಾಕಬಹುದಲ್ಲ? ಇನ್ಫೋಸಿಸ್‌ನವರು ಮಾಡಿದ್ದಾರೆ.

ಪಡುವಣ ಬಿಸಿಲು

ಹೈದರಾಬಾದಿನ ಅವರ ಕಟ್ಟಡ, 2011ರದ್ದು. ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಸ್ಲ್ಯಾಬಿನಲ್ಲಿ ತಣ್ಣೀರು. ಅಕ್ಕಪಕ್ಕ ಅಳೆದಾಗ ಎರಡನೆಯದ್ದು ಸುಮಾರು ಮೂರನೇ ಒಂದು ಭಾಗ ಕಡಿಮೆ ವಿದ್ಯುತ್ ತಿಂದಿತು. ಆದರೆ ಅದು ಕಿಟಕಿ ತೆರೆಯದ ಕಟ್ಟಡಕ್ಕೆ. ಒಳಗೆ 25 ಡಿಗ್ರಿ, ತೇವಾಂಶ ಶೇ 55 ಇದ್ದಾಗ ಇಬ್ಬನಿ ಕಟ್ಟುವ ಬಿಂದು 15 ಡಿಗ್ರಿ. ಮಳೆಗಾಲದಲ್ಲಿ ಯಾರೋ ಕಿಟಕಿ ತೆಗೆದು ತೇವಾಂಶ 70ಕ್ಕೆ ಏರಿದರೆ ಅದು 19ಕ್ಕೆ ಬರುತ್ತದೆ, ತಣ್ಣನೆ ಸೀಲಿಂಗಿನಿಂದ ಕಂಪ್ಯೂಟರಿನ ಮೇಲೆ ಹನಿ. ತೇವ ತೆಗೆದ ಹೊರಗಾಳಿ ಊದಲು ಬೇರೆ ಯಂತ್ರವೇ ಬೇಕು. ಹತ್ತು ಜನರ ಆಫೀಸಿಗೆ ಫ್ಯಾನು, ಎದುರುಬದುರು ಕಿಟಕಿ ಸಾಕು.

ನೇಪಥ್ಯ

ಹಾಲಿನ ಬಗ್ಗೆ. ಹಾಲ್ ಒಂದೇ ಮಹಡಿ ಆಗಿದ್ದು ಒಳ್ಳೆಯದೇ ಆಯಿತು, ಮೇಲಿನ ಮನೆಯ ಮಿಕ್ಸಿ ಸದ್ದು ತಪ್ಪಿತು. ಈಗ ದನಿಯ ಲೆಕ್ಕ.

ಸರಾಸರಿ ಎತ್ತರ 4 ಮೀಟರ್ ಅಂತಿಟ್ಟರೆ 315 ಘನ ಮೀಟರ್. ಮಾತು, ಗಮಕಕ್ಕೆ ದನಿ ಉಳಿಯುವ ಹೊತ್ತು 0.7–0.8 ಸೆಕೆಂಡ್ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಒತ್ತಕ್ಷರ ಕಲಸಿಹೋಗುತ್ತವೆ. ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಒರಟಾಗಿ ಕಂಡರೂ ಕಿವಿಗೆ ಗಟ್ಟಿಗೋಡೆಯೇ, ನೂರಕ್ಕೆ ಮೂರು ಪಾಲು ಸದ್ದು ಹೀರಿದರೆ ಹೆಚ್ಚು. ಒಬ್ಬ ಮನುಷ್ಯ ಸುಮಾರು 0.45 ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರುತ್ತಾನೆ. 80 ಜನ ತುಂಬಿದಾಗ 1.2 ಸೆಕೆಂಡ್ ಬರುತ್ತದೆ, ಸಹಿಸಬಹುದು. ಆದರೆ ಕನ್ನಡ ಪುಸ್ತಕ ಬಿಡುಗಡೆಗೆ 20 ಜನ ಬರುವುದೇ ಹೆಚ್ಚಲ್ಲವೇ? ಆಗ 3 ಸೆಕೆಂಡ್, ಬಾವಿಯೊಳಗೆ ಮಾತಾಡಿದಂತೆ. ಮೈಕಿನ ವಾಲ್ಯೂಮ್ ಏರಿಸಿದಷ್ಟೂ ಕೆಡುತ್ತದೆ.

ಮಾಡಬೇಕಾದದ್ದು: ಹಿಂಬದಿ ಗೋಡೆ ಪೂರ್ತಿ ಮತ್ತು ಪಕ್ಕದ ಗೋಡೆಗಳ ಹಿಂದಿನ ಕಾಲು ಭಾಗ ಸೇರಿ 40 ಚದರ ಮೀಟರ್ ಹೀರುವ ಮೈ. 50 ಮಿ.ಮೀ. ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತೆಳು ಬಟ್ಟೆಯಲ್ಲಿ ಸುತ್ತಿ, ಮುಂದೆ ಸಂದು ಬಿಟ್ಟ ಮರದ ಪಟ್ಟಿ. ಆಗ 20 ಜನಕ್ಕೆ ಒಂದು ಸೆಕೆಂಡ್, ತುಂಬಿದಾಗ 0.7. ಇಟ್ಟಿಗೆಯೇ ಕಾಣಬೇಕು ಅನ್ನುವುದಾದರೆ ಹಿಂಬದಿಗೆ ಒಳಪದರವಾಗಿ ಜಾಲಿ ಕಟ್ಟಿ, ಅದರ ಹಿಂದೆ ರಾಕ್‌ವುಲ್ ಇಡಿ. ವೇದಿಕೆಯ ಹಿಂದಿನ ಗೋಡೆ ಗಟ್ಟಿಯಾಗಿಯೇ ಇರಲಿ, ದನಿಯನ್ನು ಮುಂದಕ್ಕೆ ತಳ್ಳಲು ಅದು ಬೇಕು.

ಮಾಡಿಗೆ ಬರೀ ತಗಡು ಹಾಕುವ ಯೋಚನೆ ಬಂದರೆ ಬಿಡಿ. ಮಳೆ ಶುರುವಾದರೆ ಗಾಯಕ ನಿಲ್ಲಿಸಬೇಕು. ಹೆಂಚು (ಚದರ ಮೀಟರಿಗೆ 15 ಲೆಕ್ಕ ಹಿಡಿಯಿರಿ), ಕೆಳಗೆ ಸೀಲಿಂಗ್ ಹೆಂಚು, ಸಾಧ್ಯವಾದರೆ ನಡುವೆ ಹಗುರ ಹಲಗೆ.

ಎತ್ತರದ ವೇದಿಕೆ ಕೂಡ ಬೇಡ ಅನ್ನುತ್ತೇನೆ. 2004ರಲ್ಲಿ ಬಾಗಿಲು ತೆರೆದ ಜೆ.ಪಿ. ನಗರದ ರಂಗಶಂಕರದಲ್ಲಿ ರಂಗ ಮುಂದಕ್ಕೆ ಚಾಚಿ ಪ್ರೇಕ್ಷಕರು ಮೂರು ಕಡೆ ಕೂರುತ್ತಾರೆ. ಕೊನೆಯ ಸಾಲಿಗೂ ನಟನ ಕಣ್ಣು ಕಾಣುವುದು ಅದಕ್ಕೇ. 80 ಜನರ ಹಾಲಿಗೆ ನೆಲಮಟ್ಟದ ರಂಗ, ಸುತ್ತ ನಾಲ್ಕು ಮೆಟ್ಟಿಲು. ಎದುರು ಕೂತವರ ತಲೆ ಮೇಲಿಂದ ನೋಡಲು ಪ್ರತಿ ಮೆಟ್ಟಿಲು 300 ಎತ್ತರ, 900 ಅಗಲ. ಮೆಟ್ಟಿಲಿನ ಕೆಳಗೆ ಕುರ್ಚಿ ಇಡುವ ಜಾಗವೂ ಸಿಕ್ಕಿತು.

ಸೈಟು ತುಮಕೂರು

ಕೊನೆಯದೊಂದು. ಹಾಲಿಗೂ ಮನೆಗೂ ರೆಡ್ ಆಕ್ಸೈಡ್ ನೆಲ ಅಂದುಕೊಂಡಿದ್ದೇವೆ. ಈಗಿನ ನೆಲ ಯಾಕೆ ಮಾಸುತ್ತದೆ, ಬಿರುಕು ಬಿಡುತ್ತದೆ?

ತೂಗುಗುಂಡು

ಬಿರುಕಿಗೆ ಕಾರಣ ಅವಸರ. ಕೆಳಗಿನ ಕಾಂಕ್ರೀಟ್ ಹಾಸು ಕುಗ್ಗಿ ನಿಲ್ಲಲು ಒಂದು ತಿಂಗಳಾದರೂ ಬೇಕು. ಅದು ಹಸಿ ಇರುವಾಗಲೇ ಮೇಲಿನ ಪದರ ಎಳೆದರೆ ಎರಡೂ ಕೂಡಿ ಬಿರಿಯುತ್ತವೆ. 10.5 ಮೀಟರ್ ಹಾಲನ್ನು ಒಂದೇ ಹಾಸಾಗಿ ಎಳೆಯಬೇಡಿ, 1.2 ಮೀಟರ್ ಚೌಕಕ್ಕೆ ಗಾಜಿನ ಪಟ್ಟಿ ಇಟ್ಟು ಕೆಳಗಿನ ಗಾರೆಯನ್ನೂ ಅಲ್ಲೇ ತುಂಡರಿಸಿ. ಮಾಸುವುದಕ್ಕೆ ಕಾರಣ ಪುಡಿ. ಆಕ್ಸೈಡ್ ಸಿಮೆಂಟಿನ ತೂಕದ ಶೇ 10 ಮೀರಬಾರದು, ಮೀರಿದರೆ ಬಣ್ಣ ಏರುವುದಿಲ್ಲ, ನೆಲ ಸೀಮೆಸುಣ್ಣದಂತೆ ಕೈಗೆ ಹತ್ತುತ್ತದೆ. ಇಡೀ ಕೋಣೆಗೆ ಬೇಕಾದ ಸಿಮೆಂಟ್–ಆಕ್ಸೈಡನ್ನು ಒಣಗಿದ್ದಾಗಲೇ ಒಟ್ಟಿಗೆ ಕಲಸಿ ಎರಡು ಸಲ ಜರಡಿ ಹಿಡಿದು ಡಬ್ಬಿಯಲ್ಲಿಡಿ. ಬಾಂಡ್ಲಿಗೊಂದು ಸಲ ಕಲಸಿದರೆ ಬಾಂಡ್ಲಿಗೊಂದು ಬಣ್ಣ. ಸಿಮೆಂಟ್ ಒಂದೇ ಕಂಪನಿಯದ್ದು, ಒಂದೇ ಲೋಡಿನದ್ದು ಇರಲಿ. ಉಜ್ಜುವಾಗ ಮೇಲೆ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ಮೇಸ್ತ್ರಿಗಳಿಗಿದೆ, ಬಿಡಿಸಿ, ಕೂದಲೆಳೆ ಬಿರುಕಿನ ಬಲೆ ಬರುವುದು ಅದರಿಂದಲೇ. ಆ ದಿನ ಕಿಟಕಿಗಳಿಗೆ ಗೋಣಿ ಕಟ್ಟಿ ಗಾಳಿ ತಡೆಯಿರಿ. ಮರುದಿನದಿಂದ ಅಂಚಿಗೆ ಗಾರೆಯ ಕಟ್ಟೆ ಕಟ್ಟಿ ಏಳು ದಿನ ನೀರು ನಿಲ್ಲಿಸಿ. ಬಾಗಿಲಿಗೆ ಅಡ್ಡ ಹಲಗೆ ಇಡುವುದು ಮರೆತರೆ ನಾಯಿಯ ಹೆಜ್ಜೆ ಶಾಶ್ವತ.